2008ರ ಬ್ರೆಜಿಲ್ ಫಾರ್ಮುಲಾ ಒನ್ ಕಾರ್ ರೇಸ್ ಗೆದ್ದೂ ಮಾಸಾ ಯಾಕೆ ಚಾಂಪಿಯನ್ ಆಗಲಿಲ್ಲ?

ಪಟ್ಟ ಸಿಗುವುದು ಇಡೀ ವರ್ಷದ ಅಂಕಗಳ ಮೇಲೆ. ವರ್ಷದ ಕೊನೆಯ ರೇಸಿಗೆ, ಬ್ರೆಜಿಲ್‌ನ ಇಂಟರ್‌ಲಾಗೋಸ್ ಟ್ರ್ಯಾಕಿಗೆ ಬರುವಾಗ ಲೂಯಿಸ್ ಹ್ಯಾಮಿಲ್ಟನ್‌ಗೆ 94 ಅಂಕ, ಫೆರಾರಿ ತಂಡದ ಫೆಲಿಪೆ ಮಾಸಾಗೆ 87. ಗೆದ್ದವನಿಗೆ ಆಗ 10 ಅಂಕ. ಮಾಸಾ ಗೆದ್ದರೂ ಹ್ಯಾಮಿಲ್ಟನ್‌ಗೆ ಐದನೇ ಸ್ಥಾನ ಸಾಕಿತ್ತು. ಆರನೆಯವನಾದರೆ ಇಬ್ಬರದೂ 97, ಆಗ ಹೆಚ್ಚು ರೇಸ್ ಗೆದ್ದಿದ್ದ ಮಾಸಾಗೇ ಪಟ್ಟ.

ಕೊನೆಗೆ ಮಳೆ ಬಂತು. ಮುಂದಿದ್ದವರಲ್ಲಿ ಹೆಚ್ಚಿನವರು ನಿಂತು ಮಳೆಯ ಟೈರು ಹಾಕಿಸಿಕೊಂಡರು, ಟೊಯೋಟಾ ತಂಡದ ಟಿಮೊ ಗ್ಲಾಕ್ ಒಣ ಟೈರಿನಲ್ಲೇ (ಒಣಗಿದ ಟ್ರ್ಯಾಕಿಗೆಂದು ಮಾಡಿದ ಟೈರು) ಉಳಿದು ಹ್ಯಾಮಿಲ್ಟನ್‌ಗಿಂತ ಮುಂದಾದ. ಅಷ್ಟರಲ್ಲಿ ಇನ್ನೊಬ್ಬ ಚಾಲಕ ಸೆಬಾಸ್ಟಿಯನ್ ವೆಟಲ್ ಹ್ಯಾಮಿಲ್ಟನ್‌ನನ್ನು ದಾಟಿ ಆರನೇ ಸ್ಥಾನಕ್ಕೆ ತಳ್ಳಿದ್ದ. ಮಾಸಾ ಗೆರೆ ದಾಟಿದ್ದೇ ತಡ, ಫೆರಾರಿ ಗ್ಯಾರೇಜಿನಲ್ಲಿ ಕುಣಿತ! ಆದರೆ ಹಿಂದೆ, ಕೊನೆಯ ಸುತ್ತಿನ ಕೊನೆಯ ತಿರುವುಗಳಲ್ಲಿ, ಜಾರುತ್ತಾ ತೆವಳುತ್ತಿದ್ದ ಗ್ಲಾಕ್‌ನನ್ನು ಹ್ಯಾಮಿಲ್ಟನ್ ದಾಟಿ ಐದನೆಯವನಾಗಿಬಿಟ್ಟ. ಅಂಕ 98–97, ಪಟ್ಟ ಹ್ಯಾಮಿಲ್ಟನ್‌ಗೆ.

ಗ್ಲಾಕ್ ಬೇಕೆಂದೇ ದಾರಿ ಬಿಟ್ಟ ಅನ್ನುವವರಿದ್ದಾರೆ. ನನಗದು ಹುರುಳಿಲ್ಲದ ಮಾತು. ಆ ನೀರಿನಲ್ಲಿ ಒಣ ಟೈರಿಗೆ ಹಿಡಿತವೆಲ್ಲಿ?