ದಪ್ಪ ಗೋಡೆಯ ಮನೆಗೆ ವೈಫೈ

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದು ಹಳೆಯ ಹೆಂಚಿನ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಫೈಬರ್ ಮುಂದಿನ ಕೋಣೆಗೆ ಬಂದಿದೆ. ಅಡುಗೆಮನೆ, ಮಹಡಿಯಲ್ಲಿ ಸಿಗ್ನಲ್ ಇಲ್ಲ. ಕಾಫಿ ಕಣದಾಚೆಯ ಗೋದಾಮಿಗೂ ಬೇಕು. ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಸಾಕೇ?

ಉತ್ತರ: ರಿಪೀಟರಿಗೆ ದಯವಿಟ್ಟು ದುಡ್ಡು ಹಾಕಬೇಡಿ. ಒಂದೇ ರೇಡಿಯೊದಲ್ಲಿ ಪಡೆದು ಕಳಿಸುವ ರಿಪೀಟರಿನಲ್ಲಿ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಅಂಥ ಗೋಡೆಯನ್ನು ವೈಫೈನ 5 ಗಿಗಾಹರ್ಟ್ಸ್ ತರಂಗ ದಾಟುವುದು ಕಷ್ಟ, 2.4 ಗಿಗಾಹರ್ಟ್ಸ್ ತರಂಗ ದಾಟಿದರೂ ಸೊರಗಿರುತ್ತದೆ. ತಂತಿಯಿಲ್ಲದೆ ಒಂದಕ್ಕೊಂದು ಬೆಸೆದ ವೈಫೈ ಪೆಟ್ಟಿಗೆಗಳ ಜಾಲಕ್ಕೂ (ಮೆಶ್) ಇದೇ ಗತಿ.

ರೂಟರಿನಿಂದ ಅಡುಗೆಮನೆಗೊಂದು, ಮಹಡಿಗೊಂದು ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಎಳೆಸಿ. ಪೂರ್ತಿ ತಾಮ್ರದ್ದೇ ಕೇಳಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ. ಒಂದೊಂದು ಕೇಬಲಿನ ಉದ್ದ 100 ಮೀಟರ್ ಮೀರಬಾರದು. ತುದಿಯಲ್ಲಿ ಆ್ಯಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹರಡುವ ಪೆಟ್ಟಿಗೆ) ಇಡಿ. ಹಳೆಯ ರೂಟರನ್ನೇ ಬಳಸುವುದಾದರೆ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಇಲ್ಲವಾದರೆ ಎರಡೂ ರೂಟರ್‌ಗಳು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಪ್ರತಿ ಸಾಧನದ ಗುರುತಿನ ಸಂಖ್ಯೆ) ಹಂಚಿ ಪ್ರಿಂಟರ್, ಕ್ಯಾಮೆರಾ ಸಿಗದಂತಾಗುತ್ತದೆ. ಎಲ್ಲಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್, 2.4ರಲ್ಲಿ ಚಾನೆಲ್ ಮಾತ್ರ 1, 6, 11 ಎಂದು ಬೇರೆಬೇರೆ.

ಗೋದಾಮಿಗೆ ಮಾತ್ರ ತಾಮ್ರದ ಕೇಬಲ್ ಬೇಡವೇ ಬೇಡ. ಮುಂಗಾರಿಗೆ ಮುಂಚಿನ ಸಿಡಿಲಿಗೆ ಎರಡು ಕಟ್ಟಡಗಳ ನಡುವಿನ ತಂತಿಯಲ್ಲಿ ವೋಲ್ಟೇಜ್ ಹುಟ್ಟಿ ಎರಡೂ ತುದಿಯ ಉಪಕರಣ ಸುಡಬಹುದು. ಲೋಹದ ಎಳೆಯಿಲ್ಲದ ಹೊರಾಂಗಣ ಫೈಬರ್, ತುದಿಗೊಂದರಂತೆ ಎರಡು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲಿನ ಸಂಕೇತಕ್ಕೆ, ಅದನ್ನು ಮರಳಿ ಬೆಳಕಿಗೆ ಬದಲಿಸುವ ಪೆಟ್ಟಿಗೆ) ಹಾಕಿಸಿ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಫೈಬರ್ ಪೆಟ್ಟಿಗೆ, ರೂಟರ್ ಎರಡಕ್ಕೂ ಮಿನಿ ಯುಪಿಎಸ್ ಬೇಕು. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲಿನ ವೋಲ್ಟ್, ಆ್ಯಂಪಿಯರ್ ಯುಪಿಎಸ್‌ಗೆ ಹೊಂದುತ್ತವೆಯೇ ನೋಡಿಕೊಳ್ಳಿ.