"ತಮಾಷೆಗೆ ಅಂದಿದ್ದು ಮೇಡಂ"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಆಕೆ ಧಾರವಾಡ ಕಡೆಯವರು. ಮದುವೆಯಾಗಿ ಬೆಂಗಳೂರಿನ ರಾಜಾಜಿನಗರಕ್ಕೆ ಬಂದಿದ್ದಾರೆ. ಮನೆಯಲ್ಲಿ ಅತ್ತೆ, ಗಂಡ, ನಾಲ್ಕು ವರ್ಷದ ಮಗ. ನಾದಿನಿ ಆಗಾಗ ಬಂದು ಹೋಗುತ್ತಾರೆ. ಹೊಡೆತ ಬಡಿತ, ವರದಕ್ಷಿಣೆ ಕಾಟ ಏನೂ ಇಲ್ಲ. "ಹಂಗಾದ್ರ ಇಲ್ಲಿಗ್ಯಾಕ ಬಂದಾಳ ಅಂತೀರೇನ್ರಿ?" ಅಂತ ಅವರೇ ಮೊದಲು ಕೇಳಿದರು.

ನೆಂಟರು ಬಂದಾಗ ಇವರು "ಚಾ ಕುಡೀತೀರೇನ್ರಿ?" ಅನ್ನುತ್ತಾರೆ. ನಾದಿನಿ ಅದೇ ರಾಗದಲ್ಲಿ, ಇನ್ನಷ್ಟು ಎಳೆದು, ಅದನ್ನೇ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ, ಗಂಡನೂ ನಗುತ್ತಾರೆ. ಬರಬರುತ್ತಾ ಇವರ ಮಾತು ಹ್ಞೂಂ, ಊಹೂಂಗೆ ಇಳಿದಿತ್ತು. ನಿದ್ದೆಯೂ ಕೆಟ್ಟಿತ್ತು. ಒಂದು ದಿನ ಫೋನಿನಲ್ಲಿ ಅವ್ವನ ಜತೆ ಮಾತಾಡುವಾಗ ಮಗ ಪಕ್ಕದಲ್ಲಿ ನಿಂತು ಅಣಕಿಸಿದ. ಆಮೇಲೆ, ಸರಿಯಾಗಿ ಮಾಡಿದೆನಾ ಅನ್ನೋ ಹಾಗೆ ಅಜ್ಜಿ ಮುಖ ನೋಡಿದ. ಅದಾದ ಮೇಲೇ ಇವರು ನನ್ನ ಹತ್ತಿರ ಬಂದಿದ್ದು.

ಮುಂದಿನ ಸಲ ಗಂಡನೂ ಬಂದರು. "ಎಲ್ಲಾ ತಮಾಷೆಗೆ ಅಂದಿದ್ದು ಮೇಡಂ. ನಮ್ಮನೇಲಿ ಎಲ್ಲರನ್ನೂ ರೇಗಿಸ್ತಾರೆ. ತಂಗಿ ಗಂಡನ ಗೊರಕೆ ಅಂದ್ರೆ ದಿನಾ ನಗು." ಆತ ತಿರುಗಿ ಏನಂತಾರೆ ಅಂದೆ. "ಅವನೂ ಬಿಡಲ್ಲ, ಅಮ್ಮನ ಸೀರಿಯಲ್ ಹುಚ್ಚನ್ನ ಆಡ್ಕೋತಾನೆ." ನಿಮ್ಮ ಹೆಂಡತಿ ಹಾಗೆ ಅಂದಿದ್ದುಂಟಾ? ಒಮ್ಮೆ ನಾದಿನಿ ಮಾಡಿದ ಬಿಸಿಬೇಳೆಬಾತಿಗೆ ಉಪ್ಪು ಜಾಸ್ತಿ ಅಂತ ನಗುತ್ತಾ ಅಂದಿದ್ದರಂತೆ. ಆಮೇಲೆ ಎರಡು ದಿನ ಮನೆಯಲ್ಲಿ ಯಾರೂ ಇವರ ಜತೆ ನೆಟ್ಟಗೆ ಮಾತಾಡಲಿಲ್ಲ.

ನಾನು ಯಾವಾಗಲೂ ನೋಡುವುದು ಇದನ್ನೇ. ರೇಗಿಸುವವರನ್ನು ತಿರುಗಿ ರೇಗಿಸಬಹುದು, ಸಾಕು ಅಂದರೆ ಅವರು ನಿಲ್ಲಿಸುತ್ತಾರೆ. ಒಬ್ಬರು ಆಡುತ್ತಲೇ ಇದ್ದು ಇನ್ನೊಬ್ಬರು ನುಂಗುತ್ತಲೇ ಇದ್ದರೆ ಅದಕ್ಕೆ ತಮಾಷೆ ಅನ್ನುವ ಹೆಸರು ಹೊಂದಲ್ಲ.

"ಹಂಗಿಸ್ತಾರೆ, ಹೀಯಾಳಿಸ್ತಾರೆ" ಅಂತ ಬರೀ ದೂರಿದರೆ ಎದುರಿನವರು ಸುಲಭವಾಗಿ ಇಲ್ಲ ಅಂದುಬಿಡುತ್ತಾರೆ. ಅದಕ್ಕೇ ಅತ್ತೆ, ನಾದಿನಿ ಅಂದ ಮಾತನ್ನೇ ಬರೆದು ತರಲು ಆಕೆಗೆ ಹೇಳಿದೆ. "ನಿಮ್ಮೂರಲ್ಲಿ ಮಿಕ್ಸಿ ನೋಡಿದ್ಯಾ?" "ನಿಮ್ಮವ್ವ ಕಲಿಸಿದ್ದು ಇಷ್ಟೇನಾ?" ಹಾಳೆ ಓದಿದ ಗಂಡ, "ಇಷ್ಟೆಲ್ಲಾ ಅಂದಿದಾರಾ?" ಅಂದರು. ಅರ್ಧದಷ್ಟು ಮಾತು ಅವರೆದುರೇ ಆಡಿದ್ದವು.

ಗಂಡನಿಗೆ ಹೇಳಿದ್ದು: ರಾತ್ರಿ ರೂಮಿನಲ್ಲಿ "ಅಮ್ಮ ಇರೋದೇ ಹಾಗೆ" ಅಂತ ಸಮಾಧಾನ ಮಾಡಬೇಡಿ. ನಾಲ್ಕು ಜನರ ಮುಂದೆ ಆದ ಅವಮಾನಕ್ಕೆ ಆ ನಾಲ್ಕು ಜನರ ಮುಂದೆಯೇ "ಅಮ್ಮ, ಸಾಕು" ಅನ್ನಿ. ಕೂಗಾಡುವುದು ಬೇಡ.

ಆಕೆಗೆ, ಅಲ್ಲೇ, ಆಗಲೇ, ಒಂದೇ ಮಾತು ಹೇಳಿ ಅಂದೆ. ಅದೂ ನಿಮ್ಮ ಮಾತಿನಲ್ಲೇ ಇರಲಿ. "ನನ್ನ ಮಾತು ಅಣಕಿಸಬ್ಯಾಡ್ರಿ, ನನಗ ಬ್ಯಾಸರಾಗ್ತದ" ಅಂತ ಅವರೇ ಹೊಂದಿಸಿಕೊಂಡರು. ನನ್ನೆದುರು ಹೇಳಿಸಿ ನೋಡಿದೆ. ಮೊದಮೊದಲು ಗಂಟಲು ಕಟ್ಟಿತು. ಮಗನನ್ನು ಬೈಯಬೇಡಿ, ಅವನ ಜತೆ ಧಾರವಾಡದ ಮಾತನ್ನೇ ಆಡಿ, ಅದರಲ್ಲೇ ಕಥೆ ಹೇಳಿ ಅಂದೆ. ಮಗುವಿಗೆ ಅದು ಅಮ್ಮನ ಮಾತು ಅಂತ ಗೊತ್ತಾಗಬೇಕು, ಅಲ್ವಾ?

ಅವರಿಗೆ ಕೇಸು ಬೇಡವಾಗಿತ್ತು. ಆದರೂ ಕಾನೂನು ತಿಳಿಸಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಮಾನ, ಲೇವಡಿ, ಕೆಟ್ಟ ಹೆಸರಿಟ್ಟು ಕರೆಯುವುದು ಕೂಡ ಮಾತಿನ ಮತ್ತು ಭಾವನಾತ್ಮಕ ದೌರ್ಜನ್ಯದ ಸಾಲಿನಲ್ಲಿವೆ. ಮಗು ಆಗಿಲ್ಲ, ಗಂಡು ಮಗು ಹೆತ್ತಿಲ್ಲ ಅಂತ ಹಂಗಿಸುವುದನ್ನು ಆ ಕಾಯ್ದೆ ಬಿಡಿಸಿಯೇ ಹೇಳಿದೆ. ಹೊಡೆದರೆ ಮಾತ್ರ ದೌರ್ಜನ್ಯ ಅಂದುಕೊಂಡು ಸುಮ್ಮನಿರುವವರು ತುಂಬಾ ಜನ. ಮಹಿಳಾ ಸಹಾಯವಾಣಿ 181. ರಾತ್ರಿ ನಿದ್ದೆ ಬರದೆ ಮನಸ್ಸು ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಅತ್ತೆ ಈಗ ಕಡಿಮೆ ಮಾಡಿದ್ದಾರೆ. ನಾದಿನಿ ಇನ್ನೂ ಬಿಟ್ಟಿಲ್ಲ. ಗಂಡ ಒಮ್ಮೊಮ್ಮೆ ಮಾತ್ರ ಬಾಯಿ ಬಿಡುತ್ತಾರೆ, ಅದು ಸಾಲದು ಅಂತ ಅವರಿಗೂ ಹೇಳಿದ್ದೇನೆ. ಮುಂದಿನ ಭೇಟಿಗೆ ಅತ್ತೆಯೂ ಬರಲು ಒಪ್ಪಿದ್ದಾರೆ.