‘ಹುಡ್‌ವಿಂಕ್’ನಲ್ಲಿ ‘ವಿಂಕ್’ ಯಾಕೆ?

ಇಂಗ್ಲಿಷಿನ ‘ಹುಡ್‌ವಿಂಕ್’ ಅಂದರೆ ಮೋಸ ಮಾಡುವುದು ಸರಿ, ಅದರೊಳಗೆ ಕಣ್ಣು ಹೊಡೆಯುವ ‘ವಿಂಕ್’ ಹೇಗೆ ಸೇರಿತು ಅಂತ ಕೇಳಿದ್ದೀರಿ. ತುಂಬ ಒಳ್ಳೆಯ ಪ್ರಶ್ನೆ. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ‘ವಿಂಕ್’ ಅಂದರೆ ಎರಡೂ ಕಣ್ಣು ಮುಚ್ಚುವುದು ಅಂತಲೂ ಇತ್ತು. ‘ಹುಡ್’ ಅಂದರೆ ಮುಸುಕು. 16ನೇ ಶತಮಾನದಲ್ಲಿ ಎರಡೂ ಸೇರಿದಾಗ ಅರ್ಥ ನೇರವಾಗಿತ್ತು: ಮುಸುಕು ಹಾಕಿ ಕಣ್ಣು ಕಟ್ಟುವುದು, ಅಷ್ಟೆ.

ಶೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ಮೊದಲ ಅಂಕ ತೆಗೆದು ನೋಡಿ. ಔತಣಕ್ಕೆ ಹೊರಟಾಗ ರೋಮಿಯೊನ ಗೆಳೆಯ ಬೆನ್ವೋಲಿಯೊ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಪ್ರೇಮದೇವತೆ ಕ್ಯುಪಿಡ್ ವೇಷದವನು ನಮಗೆ ಬೇಡ ಅನ್ನುತ್ತಾನೆ. ಅಲ್ಲಿರುವುದು ಇದೇ ಪದ, ಮೋಸದ ಸುಳಿವೇ ಇಲ್ಲ! ಕಾಣದ ಹಾಗೆ ಮಾಡಿ ವಂಚಿಸುವುದು ಅನ್ನುವ ಅರ್ಥ ಇದರಿಂದಲೇ ಬೆಳೆದದ್ದು. ಅನುವಾದಕ್ಕೆ ಬೇಕಿದ್ದರೆ ‘ಕಣ್ಣಿಗೆ ಮಣ್ಣೆರಚು’ ಅನ್ನಿ, ‘ಮೋಸಮಾಡು’ಗಿಂತ ಅದೇ ಹತ್ತಿರ.